ಸೊಂಟಮಟ್ಟದ ಹಳ್ಳ

ಯುದ್ಧದ ಚರಿತ್ರೆ ಓದುವಾಗ ನನಗೆ ಸೇನಾಪತಿಗಳಿಗಿಂತ ಹಳ್ಳಕೊಳ್ಳಗಳ ಮೇಲೇ ಮಮತೆ ಜಾಸ್ತಿ. ಸೇನಾಪತಿಗಳು ಆತ್ಮಕಥೆ ಬರೆದು ತಪ್ಪನ್ನೆಲ್ಲ ಇನ್ನೊಬ್ಬರ ತಲೆಗೆ ಕಟ್ಟುತ್ತಾರೆ. ಹಳ್ಳ ಪಾಪ, ಏನೂ ಬರೆಯುವುದಿಲ್ಲ.

ಅಮೆರಿಕದ ಆಂಟೀಟಮ್ ಅಂಥದೊಂದು ಹಳ್ಳ. ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಮೇರಿಲ್ಯಾಂಡಿನ ಹೊಲಗಳ ನಡುವೆ ಅಂಕುಡೊಂಕಾಗಿ ಹರಿದು ಪೊಟೋಮ್ಯಾಕ್ ನದಿ ಸೇರುತ್ತದೆ. ಅಂತರ್ಯುದ್ಧದ ಕಾಲದಲ್ಲಿ, 1862ರ ಸೆಪ್ಟೆಂಬರ್ 17ರಂದು, ಅದರ ಆಸುಪಾಸಿನಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 23,000 ಮಂದಿ. ಅದೂ ಒಂದೇ ದಿನದಲ್ಲಿ.

ಹಳ್ಳಕ್ಕೊಂದು ಮೂರು ಕಮಾನಿನ ಕಲ್ಲುಸೇತುವೆ. ಅಗಲ 12 ಅಡಿ. ಎದುರುಬದುರು ಗಾಡಿ ಬಂದರೆ ಒಂದು ಹಿಂದೆ ಸರಿಯಬೇಕಿತ್ತು. ಅದನ್ನು ಹಿಡಿಯಬೇಕಾಗಿದ್ದವನು ಉತ್ತರದವರ ಜನರಲ್ ಬರ್ನ್‌ಸೈಡ್, ಭಾರಿ ಗಲ್ಲಮೀಸೆಯ ಸಜ್ಜನ. ಅವನ ಕೈಕೆಳಗೆ ಸುಮಾರು 12,000 ಜನ. ಎದುರಿನ ದಿಬ್ಬದಲ್ಲಿ ಮರಗಳ ಮರೆಗೆ ಕೂತಿದ್ದ, ದಕ್ಷಿಣದ ಕಡೆಯ ಜಾರ್ಜಿಯಾದವರು ಐನೂರೂ ಇರಲಿಲ್ಲ. ಆದರೂ ಮೂರು ಗಂಟೆ ಸೇತುವೆ ಕೈಗೆ ಸಿಗಲಿಲ್ಲ.

ತಮಾಷೆಯೆಂದರೆ ಹಳ್ಳ ಹಲವೆಡೆ ಬರೀ ಸೊಂಟಮಟ್ಟ. ದಾಟಲೆಂದು ಮೊದಲೇ ಗೊತ್ತುಮಾಡಿದ್ದ ಜಾಗ ಕೆಲಸಕ್ಕೆ ಬಾರದೆ, ಅವನದೇ ಒಂದು ತುಕಡಿ ಬೆಳಗೆಲ್ಲ ದಡದುದ್ದಕ್ಕೂ ಅಲೆದು, ಕೊನೆಗೆ ಕೆಳಗೆಲ್ಲೋ ಬಟ್ಟೆ ನೆನೆಸಿಕೊಂಡು ದಾಟಿತು. ಗುಂಡಿನ ಮಳೆಯಲ್ಲಿ ನೀರಿಗಿಳಿಯುವುದು ಕುರ್ಚಿಯಲ್ಲಿ ಕೂತು ಹೇಳಿದಷ್ಟು ಸುಲಭವಲ್ಲ, ನಿಜ. ಆದರೆ ಆಳ ನೋಡುವ ಕೆಲಸ ಹಿಂದಿನ ದಿನವೇ ಸರಿಯಾಗಿ ಮಾಡಬಹುದಿತ್ತಲ್ಲ!

ಅಷ್ಟರಲ್ಲಿ ಸೇತುವೆಗೆ ನುಗ್ಗಲು ನ್ಯೂಯಾರ್ಕಿನ ಪಡೆಯೊಂದರ ಜೊತೆ 51ನೇ ಪೆನ್ಸಿಲ್ವೇನಿಯಾ ಪಡೆಗೆ ಕರೆ ಬಂತು. ಮೊದಲೇ ಅವರ ವಿಸ್ಕಿ ಪಡಿಯನ್ನು ಕರ್ನಲ್ ಕಿತ್ತುಕೊಂಡಿದ್ದ. ಗೆದ್ದರೆ ವಿಸ್ಕಿ ವಾಪಸು ಕೊಡುತ್ತೀರಾ ಎಂದು ಸಾಲಿನಿಂದ ಒಬ್ಬ ಕೂಗಿ ಕೇಳಿದ. ಕರ್ನಲ್ ಆಣೆ ಹಾಕಿ ಒಪ್ಪಿದ. ಮಧ್ಯಾಹ್ನ ಒಂದರ ಹೊತ್ತಿಗೆ ಸೇತುವೆ ಕೈವಶವಾಯಿತು.

ಆ ದಿನದ ಕಾಳಗವನ್ನು ಗೆಲುವೆಂದೇ ಎಣಿಸಿ, ಐದು ದಿನಕ್ಕೆ ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಮೊದಲ ಘೋಷಣೆ ಹೊರಡಿಸಿದ. ನವೆಂಬರಿನಲ್ಲಿ ಬರ್ನ್‌ಸೈಡನಿಗೆ ಬಡ್ತಿಯೂ ಸಿಕ್ಕಿತು. ಡಿಸೆಂಬರಿನಲ್ಲಿ ಫ್ರೆಡರಿಕ್ಸ್‌ಬರ್ಗ್ ಬಳಿ ಇನ್ನೊಂದು ನದಿ ಅಡ್ಡಬಂತು; ತೇಲುಸೇತುವೆಯ ಸಾಮಾನು ತಡವಾಗಿ ಬಂದು, ಭಾರಿ ಸೋಲಾಯಿತು. ಅವನ ಜಾತಕದಲ್ಲೇ ಜಲಗಂಡವಿತ್ತೇನೋ.

ಕಾಳಗದ ಬೆನ್ನಿಗೇ ತೆಗೆದ ಫೋಟೋದಲ್ಲಿ ಸೇತುವೆ ಪಕ್ಕ ಎಳೆಯ ಸಿಕಮೋರ್ ಮರವೊಂದಿದೆ. ಈಗ ಅದು ಹೆಮ್ಮರ. ಸೇತುವೆಗೆ ಬರ್ನ್‌ಸೈಡನದೇ ಹೆಸರು. ಅಷ್ಟು ಹೊತ್ತು ಕಾದವನಿಗೆ ಅಷ್ಟಾದರೂ ಸಿಗಬೇಡವೇ?

ಓದುಗರಲ್ಲಿ ನನ್ನದೊಂದೇ ಅರಿಕೆ: ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ, ಸೇತುವೆಗಾಗಿ ಕಾದಾಡುವ ಮೊದಲು ಒಂದು ಕೋಲು ಇಳಿಬಿಟ್ಟು ಆಳ ನೋಡಿ. ಮುಕ್ಕಾಲು ಜಗಳಗಳಲ್ಲಿ ಮೊಣಕಾಲುದ್ದದ ನೀರೂ ಇರುವುದಿಲ್ಲ.