ಚಾಡಿಕೋರನ ಕತ್ತೆಯೊಂದಿಗೆ ಒಂದು ಸಂದರ್ಶನ

ತಮಿಳುನಾಡಿನ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ದೀಪಾವಳಿ ಮುಗಿಯುತ್ತಲೇ ಬೀರೇಶ್ವರನ ಗೊರೆಹಬ್ಬ. ಸಗಣಿ ಎರಚಾಟಕ್ಕೆ ಮೊದಲು ಚಾಡಿಕೋರನ ವೇಷದವನನ್ನು ಕತ್ತೆಯ ಮೇಲೆ ಮೆರೆಸುತ್ತಾರೆ. ಆಮೇಲೆ ಚಾಡಿಕೋರನ ಪ್ರತಿಕೃತಿ ಸುಡುತ್ತಾರೆ. ಹೊತ್ತು ನಡೆದ ಕತ್ತೆಯನ್ನು ಮಾತಾಡಿಸಿದವರಿಲ್ಲ. ತೆರಿಗೆ ತಪ್ಪಿಸುವವರ ಬಗ್ಗೆ ಅದನ್ನೇ ಕೇಳಿದೆವು.

ಪ್ರಶ್ನೆ: ತೆರಿಗೆ ವಿಷಯವನ್ನು ಕತ್ತೆಗೆ ಕೇಳುವುದೇ ಎಂದು ಓದುಗರು ನಕ್ಕಾರು.

ಕತ್ತೆ: ನಗ್ಲಿ ಬುದ್ದಿ. ಭಾರ ಹೊರೋರು ಎರಡೇ ಜಾತಿ, ಸಂಬಳದವ್ರು, ನಾವು. ಅವ್ರಿಗ ಕೈಗ ಬರೋಕ್ ಮುಂಚೇನೇ ಹಿಡ್ಕತರ. ಸ್ವಂತ ಅಂಗಡಿಯವ್ರು ತಾವೇ ಬರದು ತಾವೇ ಕಟ್ತರ.

ಪ್ರಶ್ನೆ: ಏನು ಬರೆಯುತ್ತಾರೆ?

ಕತ್ತೆ: ವಹಿವಾಟು 2 ಕೋಟಿ ಒಳಗಿದ್ರ ಲೆಕ್ಕದ ಪುಸ್ತಕ ಬ್ಯಾಡ, ನೂರಕ್ಕ 8 ಲಾಭ ಅಂತ ತೋರ್ಸಿ, ಬ್ಯಾಂಕಿನ ಮೂಲಕ ಬಂದದ್ದಕ್ಕ 6 ಸಾಕು ಅಂತದ ಕಾನೂನು. ಹೆಚ್ಚು ಬಂದಿದ್ರ ಹೆಚ್ಚೇ ತೋರ್ಸಿ ಅಂತ್ಲೂ ಅದ. ಆ ಸಾಲು ಯಾರ ಕಣ್ಣಿಗೂ ಬೀಳಲ್ಲ. ಬೇಕರಿಯವ್ನಿಗೂ 8, ಬಟ್ಟೆಯವ್ನಿಗೂ 8, ಬೀರಪ್ಪ ವರ ಕೊಟ್ಟಂಗ! ಪುಸ್ತಕ ಬರಿಯೋರ ಕಥೇನೇ ಬ್ಯಾರೆ. ಮಗಳ ಮದುವ ಊಟ ‘ವ್ಯಾಪಾರ ಪ್ರಚಾರ’, ಮನೆ ಟೈಲ್ಸು ‘ಗೋಡೌನ್ ರಿಪೇರಿ’.

ಪ್ರಶ್ನೆ: ಇಷ್ಟಾದರೂ ಮಿಕ್ಕ ದುಡ್ಡು?

ಕತ್ತೆ: ಹೊಲದಲ್ಲಿ ಬೆಳೀತು ಅಂತರ. ಕೃಷಿ ಆದಾಯಕ್ಕ ತೆರಿಗೆ ಇಲ್ವಲ್ಲ. ಇಲ್ಲಿ ಕೋಸು ಹಾಕ್ದೋನಿಗ ಆನೆ ತಿಂದು ಬುಟ್ಟದ್ದೇ ಆದಾಯ. ಪ್ಯಾಟೆಯವ್ರ ಕಾಗದದ ಹೊಲಕ್ಕ ಆನೇನೂ ಬರಲ್ಲ, ಬರಾನೂ ಬರಲ್ಲ. ವರ್ಸಾ ವರ್ಸಾ ಬಂಪರ್ ಫಸಲು!

ಪ್ರಶ್ನೆ: 2025ರ ಜುಲೈನಲ್ಲಿ ಪಕ್ಕದ ಕರ್ನಾಟಕದಲ್ಲಿ ಯುಪಿಐ ಗಲಾಟೆಯಾಯಿತಲ್ಲ?

ಕತ್ತೆ: ಅದು ಜಿಎಸ್‌ಟಿ, ಬ್ಯಾರೆ ಮೂಟೆ. ವಾಣಿಜ್ಯ ತೆರಿಗೆಯವ್ರು ಫೋನಲ್ಲಿ ಬಂದ ದುಡ್ಡು ಕೂಡ್ಸಿ ನೋಟಿಸು ಕೊಟ್ರು. ತೆರಿಗೆಯೇ ಇಲ್ಲದ ತರಕಾರಿ ಮಾರೋರಿಗೂ ಬಂತು, ಅದು ಅನ್ಯಾಯವೇ. ಬೆಂಗಳೂರಿನ ಅಂಗಡಿಯವ್ರು ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಅಂತ ಬರದ್ರು.

ಪ್ರಶ್ನೆ: ಅಂದರೆ ಅವರೂ ಚಾಡಿಕೋರನಿಗೇ ಗತಿ ಕಾಣಿಸಿದರು.

ಕತ್ತೆ: ಒಬ್ಬುನ್ಗ ಕಾಣ್ಸಿದ್ರ ಇನ್ನೊಬ್ಬ ಅವ್ನ. ಉಳಿತಾಯ ಖಾತೆಗ ವರ್ಸದಲ್ಲಿ 10 ಲಕ್ಷ ನಗದು ಕಟ್ಟಿದ್ರ ಬ್ಯಾಂಕೇ ಹೋಗಿ ಆದಾಯ ತೆರಿಗೆಯವ್ರ ಕಿವಿ ಕಚ್ತದ.

ಪ್ರಶ್ನೆ: ಮನುಷ್ಯ ಚಾಡಿಕೋರರಿಗೆ ಇನ್ನು ಕೆಲಸವಿಲ್ಲವೆ?

ಕತ್ತೆ: ಯಾಕಿಲ್ಲ? ಬಚ್ಚಿಟ್ಟ ಆದಾಯದ ಸುಳಿವು ಕೊಟ್ಟೋರಿಗ 50 ಲಕ್ಷದ ತನಕ ಇನಾಮು ಅಂತ ಇಲಾಖೆ 2018ರಲ್ಲೇ ಸಾರ್‍ಯದ. ನಮ್ಮೂರ್ಲಿ ಸುಡ್ತರ, ಡೆಲ್ಲೀಲಿ ದುಡ್ಡು ಕೊಡ್ತರ. ಇದ ಊರಿನವ್ರಿಗ ಹೇಳ್ಬ್ಯಾಡಿ ಬುದ್ದಿ. ಮುಂದಿನ ಹಬ್ಬಕ್ಕ ನನ್ನ ಮ್ಯಾಲ ಕೂರಕ್ಕ ನೂಕುನುಗ್ಗಲಾದದು, ನಂಗ ಇರದು ಒಂದೇ ಬೆನ್ನು.