ಸೋತವನಿಗೆ ಮೊದಲ ಮಣೆ

2023ರ ಜನವರಿ 8ರಂದು ಹ್ಯೂಸ್ಟನ್ ಟೆಕ್ಸನ್ಸ್ ಎಂಬ ಅಮೆರಿಕದ ಫುಟ್‌ಬಾಲ್ ತಂಡ ಆ ಋತುವಿನ ಕೊನೆಯ ಪಂದ್ಯವನ್ನು 32–31ರಿಂದ ಗೆದ್ದಿತು. ಅದೇ ರಾತ್ರಿ ಅದರ ಕೋಚ್ ಲವೀ ಸ್ಮಿತ್ ಅವರನ್ನು ಮನೆಗೆ ಕಳಿಸಿದರು. ಗೆದ್ದದ್ದಕ್ಕೇ ಕಳಿಸಿದೆವೆಂದು ಯಾರೂ ಹೇಳಲಿಲ್ಲ. ಹಾಗೆ ಬಾಯಿಬಿಡುವವರು ಅಂಥ ಕುರ್ಚಿಯವರೆಗೆ ಬರುವುದೂ ಇಲ್ಲ. ತಂಡದ ಅಭಿಮಾನಿಗಳಿಗೆ ಆ ಸಂಕೋಚವಿರಲಿಲ್ಲ. ವರ್ಷವಿಡೀ ಸೋತು ಸೋತು ಸಂಪಾದಿಸಿದ ಆಸ್ತಿಯನ್ನು ಈ ಮನುಷ್ಯ ಕೊನೆಯ ನಿಮಿಷದಲ್ಲಿ ಗೆದ್ದು ಕಳೆದನಲ್ಲ ಎಂದು ಅವರು ಹಣೆ ಚಚ್ಚಿಕೊಂಡರು.

ಸಂಗತಿ ಇಷ್ಟೇ. ಅಲ್ಲಿನ ಫುಟ್‌ಬಾಲಿಗೂ ಕಾಲಿಗೂ ಸಂಬಂಧ ಕಮ್ಮಿ. ಸುಲಿಯದ ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ ಅದು. ತಂಡಗಳು 32. ಕಾಲೇಜು ಆಟ ಮುಗಿಸಿ ಬರುವ ಹುಡುಗರನ್ನು ಪ್ರತಿ ವರ್ಷ ಸಾಲು ಹಚ್ಚಿ ಹಂಚಿಕೊಳ್ಳುತ್ತಾರೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ, ಚಾಂಪಿಯನ್ನರಿಗೆ ಕೊನೆಯದು. ದುರ್ಬಲರನ್ನು ಮೇಲೆತ್ತಲು 1936ರಲ್ಲಿ ಶುರುವಾದ ಪುಣ್ಯಕಾರ್ಯ. ಪುಣ್ಯ ಎಲ್ಲಿ ಸಿಗುತ್ತದೆಂದು ಗೊತ್ತಾದ ಮೇಲೆ ಕ್ಯೂ ನಿಲ್ಲದೆ ಇರಲು ಯಾರಿಂದ ಸಾಧ್ಯ? ಡಿಸೆಂಬರ್ ಬರುವ ಹೊತ್ತಿಗೆ ಕೆಳಗಿನ ನಾಲ್ಕೈದು ತಂಡಗಳ ಅಭಿಮಾನಿಗಳು ತಮ್ಮವರ ಸೋಲಿಗೇ ಹರಕೆ ಹೊರಲು ತೊಡಗುತ್ತಾರೆ.

2020ರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ಸತತ 13 ಪಂದ್ಯ ಸೋತು ಬಹಳ ಚೆನ್ನಾಗಿ ನಡೆಯುತ್ತಿತ್ತು. ಆಮೇಲೆ ಏನು ಕೇಡುಗಾಲವೋ, ಒಂದರ ಹಿಂದೆ ಒಂದು ಎರಡು ಪಂದ್ಯ ಗೆದ್ದುಬಿಟ್ಟಿತು. ಮೊದಲ ಆಯ್ಕೆ ಜಾಕ್ಸನ್‌ವಿಲ್ ತಂಡದ ಪಾಲಾಯಿತು, ಅದರೊಂದಿಗೆ ಎಲ್ಲರೂ ಕಣ್ಣಿಟ್ಟಿದ್ದ ಟ್ರೆವರ್ ಲಾರೆನ್ಸ್ ಕೂಡ. ಅದೇ ಋತುವಿನ ಕಟ್ಟಕಡೆಯ ಲೀಗ್ ಪಂದ್ಯದಲ್ಲಿ ಫಿಲಡೆಲ್ಫಿಯಾದ ಕೋಚ್ ಗೆಲುವು ಕೈಗೆಟಕುವಷ್ಟು ಹತ್ತಿರವಿದ್ದಾಗ ಮುಖ್ಯ ಆಟಗಾರನನ್ನು ಕೂರಿಸಿ ಮೂರನೇ ಕ್ರಮಾಂಕದ ಬದಲಿ ಆಟಗಾರನನ್ನು ಇಳಿಸಿದರು. ತಂಡ ಸೋತಿತು, ಡ್ರಾಫ್ಟ್ ಸಾಲಿನಲ್ಲಿ ಒಂಬತ್ತರಿಂದ ಆರಕ್ಕೆ ಬಡ್ತಿ ಪಡೆಯಿತು. ಆ ಹುಡುಗನಿಗೂ ಅವಕಾಶ ಕೊಡಬೇಕಿತ್ತು ಎಂಬುದು ಕೋಚ್ ಕೊಟ್ಟ ವಿವರಣೆ. ಅವಕಾಶ ಕೊಡಲು ಎಂಥ ಮುಹೂರ್ತ!

ಈ ಕತೆಯನ್ನು ವೇಣೂರಿನ ಕಡೆಯ ಕೋಣದ ಯಜಮಾನರೊಬ್ಬರಿಗೆ ಹೇಳಿದೆ. ಕೋಣಗಳಿಗೆ ಹುರುಳಿ ಬೇಯುತ್ತಿತ್ತು, ಅವರು ಸೌಟು ಹಿಡಿದೇ ಕೇಳಿದರು. ನಮ್ಮಲ್ಲೂ ಈ ಪದ್ಧತಿ ತರಬಹುದಲ್ಲ ಎಂದು ನನ್ನ ಯೋಜನೆ ಬಿಚ್ಚಿಟ್ಟೆ. ಬೆಳ್ತಂಗಡಿಯಲ್ಲಿ ವೇಣೂರು, ಬಂಟ್ವಾಳದಲ್ಲಿ ಕಕ್ಯಪದವು, ಆಚೆ ಮೂಡುಬಿದಿರೆ, ಹೀಗೆ ಕೋಣಗಳನ್ನು ಕೆಸರಿನಲ್ಲಿ ಓಡಿಸುವ ಕಂಬಳಗಳು ಸಾಲಾಗಿ ನಡೆಯುತ್ತವೆ. ಋತುವಿನ ಕೊನೆಗೆ ಒಂದೂ ಪದಕ ಕಾಣದ ಯಜಮಾನರಿಗೆ, ಮುಂದಿನ ವರ್ಷ ಯಾರ ಹಟ್ಟಿಯ ಕೋಣವನ್ನಾದರೂ ಮೊದಲು ಆರಿಸುವ ಹಕ್ಕು. ಅಗತ್ಯವಿದ್ದರೆ ಓಡಿಸುವವನನ್ನೂ.

“ಅಲ್ಲ ಮಾರಾಯ್ರೆ, ಸೋಲುವುದು ಅಂತ ನಾವು ನಿಶ್ಚಯ ಮಾಡಿದರೆ ಸಾಕಾ? ಕೋಣಕ್ಕೆ ಹೇಳುವುದು ಯಾರು?”

ಯೋಜನೆ ಅಲ್ಲಿಯೇ ಮುಗ್ಗರಿಸಿತು. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ನಿಲ್ಲಿಸುವುದನ್ನು ಕಂಡವರಿಗೆ ಗೊತ್ತು. ನೊಗದ ಆಚೆ ಈಚೆ ಜನ ಜೋತುಬಿದ್ದು ಹಿಡಿದಿರುತ್ತಾರೆ, ಕೋಣಗಳ ಮೂಗಿನಿಂದ ಹಬೆ, ಕೆಸರಿನಲ್ಲಿ ಗೊರಸು ನಿಲ್ಲುವುದಿಲ್ಲ. ಬಿಟ್ಟರೆ ಮತ್ತೆ ಓಟದ ಕೊನೆಯ ಮಂಜೊಟ್ಟಿ ಹತ್ತುವವರೆಗೆ ಯಾರ ಮಾತೂ ನಡೆಯುವುದಿಲ್ಲ. 2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ, ಅಂದರೆ ಕೆಸರಿನ ಓಟದ ಹಾದಿಯಲ್ಲಿ, ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಹಾಗೆ. ದಿಲ್ಲಿಯವರೆಗೆ ಹೆಸರಾಯಿತು, ಬೋಲ್ಟ್ ಜತೆ ಹೋಲಿಕೆಯೂ ಆಯಿತು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಇನ್ನೂ ಬೇಗ ಓಡಿದರು. ಇವರಲ್ಲಿ ಯಾರಿಗಾದರೂ ‘ಈ ಸಲ ಸ್ವಲ್ಪ ನಿಧಾನ, ಡ್ರಾಫ್ಟ್ ಉಂಟು’ ಎಂದು ಕಿವಿಯಲ್ಲಿ ಹೇಳಿದರೂ ಪ್ರಯೋಜನವಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿರುವವರು ಓದಿದವರಲ್ಲ.

ಇನ್ನೊಂದು ತೊಡಕೂ ಇದೆ. ಕಕ್ಯಪದವಿನ ಜೋಡುಕರೆಗಳಿಗೆ ಸತ್ಯ–ಧರ್ಮ ಎಂದು ಹೆಸರು. ಬೇಕೆಂದೇ ಸೋಲಲು ಬಂದ ಯಜಮಾನರು ಯಾವ ಕರೆಯಲ್ಲಿ ಸೋಲುವುದು? ಮೂಡುಬಿದಿರೆಗೆ ಹೋಗೋಣವೆಂದರೆ ಅಲ್ಲಿಯ ಕರೆಗಳ ಹೆಸರಿನಲ್ಲಿ ಕೋಟಿ–ಚೆನ್ನಯರು ಕಾದಿದ್ದಾರೆ, ಅವರೆದುರು ಇಂಥ ವ್ಯವಹಾರ ಮಾತಾಡುವ ಧೈರ್ಯ ನನಗಂತೂ ಇಲ್ಲ. ವೇಣೂರಿನಲ್ಲಿ ಸೂರ್ಯ–ಚಂದ್ರರ ಸಾಕ್ಷಿ ಬೇರೆ.

ಅಮೆರಿಕದಲ್ಲೂ ತೊಡಕು ಕೋಣದ್ದೇ, ಅಂದರೆ ಆಟಗಾರನದು. ಮಾಲೀಕ ಸೋಲಿನಲ್ಲಿ ಮುಂದಿನ ಐದು ವರ್ಷ ಕಾಣುತ್ತಾನೆ. ಮೈದಾನದಲ್ಲಿರುವವನಿಗೆ ಕಾಣುವುದು ತನ್ನ ಜಾಗಕ್ಕೆ ಬರಲಿರುವ ಹುಡುಗ. ‘ನೀನು ಚೆನ್ನಾಗಿ ಸೋತರೆ ನಿನಗಿಂತ ಒಳ್ಳೆಯವನನ್ನು ತರುತ್ತೇವೆ’ ಎಂದರೆ ಯಾರು ತಾನೆ ಸೋಲುತ್ತಾರೆ? ಅದಕ್ಕೇ ಇಡೀ ವರ್ಷ ಸೋತ ತಂಡ ಡಿಸೆಂಬರಿನಲ್ಲಿ ಇದ್ದಕ್ಕಿದ್ದಂತೆ ಗೆದ್ದು ಯಜಮಾನರ ಮುಖಕ್ಕೆ ಕೆಸರು ಹಾರಿಸುತ್ತದೆ.

ಹಾಗೆ ಗೆದ್ದದ್ದರಿಂದ ಕೇಡಾಯಿತೇ? ಕಾಗದದ ಮೇಲೆ ಆಯಿತು. ಟೆಕ್ಸನ್ಸ್ ಬಿಟ್ಟುಕೊಟ್ಟ ಮೊದಲ ಆಯ್ಕೆ ಶಿಕಾಗೋಗೆ ಹೋಯಿತು, ಅಲ್ಲಿಂದ ಕೈಬದಲಾಗಿ ಕ್ಯಾರೊಲಿನಾಗೆ. ಅವರು ಬ್ರೈಸ್ ಯಂಗ್ ಎಂಬವನನ್ನು ಆರಿಸಿ ಮೊದಲ ವರ್ಷ 17ರಲ್ಲಿ 15 ಪಂದ್ಯ ಸೋತರು. ಎರಡನೆಯವನಾಗಿ ಟೆಕ್ಸನ್ಸ್ ಪಾಲಿಗೆ ಬಂದ ಸಿ.ಜೆ. ಸ್ಟ್ರೌಡ್ ಅದೇ ವರ್ಷ ತಂಡವನ್ನು ವಿಭಾಗದ ಅಗ್ರಸ್ಥಾನಕ್ಕೆ ಏರಿಸಿದ. ಕೆಲಸ ಕಳೆದುಕೊಂಡವರು ಮಾತ್ರ ಕಳೆದುಕೊಂಡೇ ಇದ್ದರು. 1936ರ ಮೊತ್ತಮೊದಲ ಡ್ರಾಫ್ಟಿನಲ್ಲಿ ಮೊದಲಿಗನಾಗಿ ಆರಿಸಲ್ಪಟ್ಟ ಜೇ ಬರ್ವಾಂಗರ್ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಮಣೆ ಸಿಕ್ಕರೂ ಊಟ ಬಡಿಸುವವರು ಬೇರೆ.

ನಮ್ಮಲ್ಲಿ ಸೋಲಿನ ಬೇಸಾಯ ಇನ್ನೂ ಹಿಂದುಳಿದಿದೆ. 2024ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 22 ಪಂದ್ಯಗಳಲ್ಲಿ ಎರಡೇ ಗೆದ್ದು 12ನೇ ಸ್ಥಾನದಲ್ಲಿ ಭದ್ರವಾಗಿ ಕುಳಿತಿತು. ಸಿಕ್ಕಿದ್ದೇನು? ಹರಾಜಿನಲ್ಲಿ ಚಾಂಪಿಯನ್ ಹರಿಯಾಣದವರಿಗೂ ಇವರಿಗೂ ಅದೇ 5 ಕೋಟಿಯ ಮಿತಿ. ಅಷ್ಟು ಶ್ರಮಕ್ಕೆ ಕವಡೆ ಕಾಸಿನ ಬಹುಮಾನವಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪರರ ಸೋಲಿನ ಬಿಸಿ ತಟ್ಟಿದ್ದು ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಅವರಿಗೆ. ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಮುಂದಿನ ಸುತ್ತುಗಳಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಚೀನಾ, ಇಂಡೋನೇಷ್ಯಾ, ದಕ್ಷಿಣ ಕೊರಿಯಾದ ನಾಲ್ಕು ಜೋಡಿಗಳು ಸರ್ವಿಸನ್ನು ನೆಟ್ಟಿಗೆ ಹೊಡೆದು ಸೋಲಿಗೆ ಪೈಪೋಟಿ ನಡೆಸಿ, ಹೊರಗೆ ಹಾಕಿಸಿಕೊಂಡವು. ಅಶ್ವಿನಿ ಮತ್ತು ಅವರ ಜೊತೆಗಾರ್ತಿ ಜ್ವಾಲಾ ಇದ್ದ ಗುಂಪಿನಲ್ಲಿ ಜಪಾನ್ ಜೋಡಿ ತೈಪೆಗೆ ಸೋತ ಬಗೆಯನ್ನು ಪರಿಶೀಲಿಸಿ ಎಂದು ಭಾರತ ದೂರು ಕೊಟ್ಟಿತು, ದೂರು ತಿರಸ್ಕಾರವಾಯಿತು. ಮೂರರಲ್ಲಿ ಎರಡು ಗೆದ್ದಿದ್ದ ನಮ್ಮವರು ಒಂದೇ ಒಂದು ಅಂಕದ ಲೆಕ್ಕದಲ್ಲಿ ಮನೆಗೆ ಬಂದರು.

ಡ್ರಾಫ್ಟ್ ಪದ್ಧತಿಯನ್ನು ಇದ್ದಂತೆಯೇ ಆಮದು ಮಾಡಿಕೊಂಡದ್ದು ಆಟದವರಲ್ಲ, ಸರಕಾರದ ಹಣಕಾಸು ಇಲಾಖೆ. ಮಂಗಳೂರಿನಲ್ಲಿ 1931ರಲ್ಲಿ ಎ.ಬಿ. ಶೆಟ್ಟರು ಕಟ್ಟಿದ ವಿಜಯಾ ಬ್ಯಾಂಕ್ ವೇಣೂರು, ಕಕ್ಯಪದವು, ಮೂಡುಬಿದಿರೆ ಈ ಮೂರೂ ಊರಿನ ಬೀಡಿ, ಅಡಿಕೆ, ಮದುವೆ ಎಲ್ಲದರ ದುಡ್ಡು ಕಂಡದ್ದು. 2017–18ರಲ್ಲಿ ಅದು 727 ಕೋಟಿ ಲಾಭ ಮಾಡಿತು. ದೇನಾ ಬ್ಯಾಂಕ್ 1,923 ಕೋಟಿ ನಷ್ಟ ಮಾಡಿತು. ಬ್ಯಾಂಕ್ ಆಫ್ ಬರೋಡಾ ಇನ್ನೂ ಮುಂದೆ ಹೋಗಿ 2,432 ಕೋಟಿ. 2019ರ ಏಪ್ರಿಲ್ 1ರಂದು ಮೂರನ್ನೂ ಬರೋಡಾದ ಹೆಸರಿನಲ್ಲಿ ಒಂದು ಮಾಡಿದರು. ಬರೋಡಾ ದೊಡ್ಡ ಬ್ಯಾಂಕು ಎಂಬುದು ಅಧಿಕೃತ ಕಾರಣ, ಇರಬಹುದು. ನನ್ನ ಕಣ್ಣಿಗೆ ಕಂಡದ್ದು ಅತಿ ಹೆಚ್ಚು ಸೋತವರಿಗೆ ಮೊದಲ ಆಯ್ಕೆ. ಅವರು ಬೋರ್ಡಿನ ಹೆಸರನ್ನು ಆರಿಸಿಕೊಂಡರು. ಲಾಭ ಮಾಡಿದ್ದವರ ಬೋರ್ಡು ಇಳಿಯಿತು, ಪಾಸ್‌ಬುಕ್ಕು, ಚೆಕ್ಕು, ಐಎಫ್ಎಸ್‌ಸಿ ಎಲ್ಲ ಬದಲಾಯಿತು.

ಯಜಮಾನರಲ್ಲಿ ವಿಜಯಾದ ಸಾವಿರ ಶೇರು ಇತ್ತಂತೆ, ಕೈಗೆ ಬಂದದ್ದು ಬರೋಡಾದ 402. ದೇನಾದವರಿಗೆ ಎಷ್ಟು ಕೊಟ್ಟರು ಎಂದು ಕೇಳಿದರು. ಸಾವಿರಕ್ಕೆ 110 ಎಂದೆ. ಅವರು ಹುರುಳಿಯನ್ನು ಇನ್ನೊಮ್ಮೆ ಕಲಕಿದರು.

“ಹಾಗಾದ್ರೆ ಈ ಸಲ ನಮ್ಮ ಕೋಣ ಫೈನಲಿಗೆ ಬಂದರೆ, ಗೆದ್ದ ಮೇಲೆ ಯಾರ ಹೆಸರು ಕರೆಯುವುದು ಅಂತ ಮೈಕಿನವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಬೇಕು.”