ಗೇಟಿನಾಚೆಯ ಆನ್‌ಲೈನು

ಮೈಸೂರಿನಲ್ಲಿ ನಿವೃತ್ತನೊಬ್ಬ ವ್ಯಾಪಾರ ಶುರು ಮಾಡುತ್ತೇನೆಂದರೆ ನೆಂಟರಿಷ್ಟರು ಮೊದಲು ಕೇಳುವುದು, ‘ಯಾಕೆ, ಪೆನ್ಷನ್ ಸಾಲ್ತಿಲ್ವೇ?’ ಎಂದು. ಪಿಂಚಣಿದಾರರ ಸ್ವರ್ಗವೆಂಬ ಬಿರುದು ಹೊತ್ತ ಊರು ನಮ್ಮದು. ಸ್ವರ್ಗದಲ್ಲಿ ಅಂಗಡಿ ಇಟ್ಟವರನ್ನು ಯಾರು ಕಂಡಿದ್ದಾರೆ? ಆದರೂ ನಮ್ಮಾಕೆಯ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ತಿಂದವರೆಲ್ಲ ‘ನೀವಿದನ್ನ ಆನ್‌ಲೈನಲ್ಲಿ ಮಾರ್ಬೇಕು ಕಣ್ರೀ’ ಎನ್ನುತ್ತ, ತಂದ ಡಬ್ಬಿ ತುಂಬಿಸಿಕೊಂಡು, ದುಡ್ಡಿನ ಮಾತೆತ್ತದೆ ಹೊರಟುಬಿಡುತ್ತಿದ್ದರು. ಇಂಥ ಅಭಿಮಾನಿಗಳಿಂದ ನಾಲ್ಕು ಕಾಸು ವಸೂಲಿ ಮಾಡಲು ಬೇರೆ ದಾರಿ ಕಾಣದೆ ನಾವು ಆನ್‌ಲೈನಿಗೆ ಇಳಿದೆವು.

ಪುಡಿ ಕುಟ್ಟುವುದು ಅವಳ ಪಾಲು, ಮಿಕ್ಕಿದ್ದು ನನ್ನದು. ಮಿಕ್ಕಿದ್ದು ಅಂದರೆ ಏನೂ ಇರಲಾರದು ಎಂಬ ಧೈರ್ಯದಲ್ಲಿ ಒಪ್ಪಿಕೊಂಡಿದ್ದೆ. ಅಣ್ಣನ ಮಗ ಲ್ಯಾಪ್‌ಟಾಪ್ ತೆರೆದು ‘ಚಿಕ್ಕಪ್ಪ, ಹೆಸರು ಹೇಳಿ’ ಅಂದ. ನಳಪಾಕ, ಒಗ್ಗರಣೆ, ಘಮಘಮ – ಏನು ಹೇಳಿದರೂ ಯಾರೋ ಪುಣ್ಯಾತ್ಮರು ಮೊದಲೇ ಕೊಂಡಿಟ್ಟಿದ್ದರು. ಕೊನೆಗೆ ನಮ್ಮ ಮನೆಯ ಹೆಸರನ್ನೇ ಇಟ್ಟೆವು. ಅಪ್ಪ ತಮ್ಮ ತಾಯಿಯ ಹೆಸರಿಗೆ ಮನೆದೇವರ ಹೆಸರನ್ನು ಸಂಧಿ ಮಾಡಿ ಕಟ್ಟಿದ್ದದು. ಜಗತ್ತಿನಲ್ಲಿ ಬೇರಾರಿಗೂ ಅದು ಬೇಕಾಗಿರಲಿಲ್ಲ.

ಆಮೇಲೆ ಫೋಟೋ. ಫೋನಿನಲ್ಲಿ ತೆಗೆದರೆ ಚಟ್ನಿಪುಡಿ ಇಟ್ಟಿಗೆಪುಡಿಯ ಹಾಗೆ ಕಂಡಿತು. ಹುಡುಗ ಸೋಲಲಿಲ್ಲ. ಬ್ಯಾಡಗಿ ಮೆಣಸಿನಕಾಯಿ, ಕರಿಬೇವು, ಅರ್ಧ ಗಿಟುಕು ಕೊಬ್ಬರಿ ಸುತ್ತ ಜೋಡಿಸಿದ. ಶೋಭೆಗಿರಲಿ ಎಂದು ಅಟ್ಟದ ಮೇಲಿನ ದಸರಾ ಪೆಟ್ಟಿಗೆಯಿಂದ ಪಟ್ಟದ ಗೊಂಬೆಗಳನ್ನಿಳಿಸಿ ಹಿಂದೆ ನಿಲ್ಲಿಸಿದ. ಮೊದಲ ವಿಚಾರಣೆ ಆ ರಾತ್ರಿಯೇ ಬಂತು: ‘ಗೊಂಬೆ ಜೋಡಿಗೆ ಎಷ್ಟು?’

ಸರ್ಕಾರದ ಕಡೆಯಿಂದ ಮಾತ್ರ ನಾನು ಹೆದರಿದಷ್ಟು ತೊಂದರೆಯಾಗಲಿಲ್ಲ. ಉದ್ಯಮ ನೋಂದಣಿ ಪುಕ್ಕಟೆ. ಆಹಾರ ಸುರಕ್ಷತೆಯ ನೋಂದಣಿಗೆ ನಮ್ಮಂಥ ಪುಟಗೋಸಿ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ. ಅದಕ್ಕೆ ಪ್ರತಿಯಾಗಿ 14 ಅಂಕಿಯ ಸಂಖ್ಯೆಯೊಂದು ಸಿಗುತ್ತದೆ. ನನ್ನ ತಲೆ ತಿರುಗಿಸಿದ್ದು ಜಿಎಸ್‌ಟಿ. ಸರಕು ಮಾರುವವರು ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷದ ವಹಿವಾಟು ಮುಟ್ಟುವ ತನಕ ಅದರ ಗೊಡವೆಗೆ ಹೋಗಬೇಕಿಲ್ಲ. ಗಡಿ ದಾಟಿತೋ, ಮೊದಲ ಪೊಟ್ಟಣಕ್ಕೇ ನೋಂದಣಿ ಬೇಕು. ಹೀಗಾಗಿ ಎಲ್ಲೋ ಇರುವ ಬೀದರಿಗೆ ನಮ್ಮ ಚಟ್ನಿಪುಡಿ ನಿರಾತಂಕವಾಗಿ ಹೋಗಬಹುದು. ಚಾಮರಾಜನಗರ ದಾಟಿದರೆ ಸಿಗುವ, ಬೀದಿಯಲ್ಲಿ ಕನ್ನಡವೇ ಕೇಳುವ ತಾಳವಾಡಿಗೆ ಹೋಗುವಂತಿಲ್ಲ, ಅದು ತಮಿಳುನಾಡು. ನನ್ನ ಸೋದರತ್ತೆಯ ಮಗಳಿರುವುದು ಅಲ್ಲೇ! ಹಪ್ಪಳಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ಬರೀ ಹಪ್ಪಳ ಮಾರುವವರಿಗೆ ಈ ತಾಪತ್ರಯವಿಲ್ಲವಂತೆ. ಇದನ್ನು ನಮ್ಮಾಕೆಗೆ ಹೇಳಿದೆ. ‘ಒತ್ತೋರು ಯಾರು, ನೀವಾ?’ ಅಂದಳು. ಪ್ರಸ್ತಾವ ಅಲ್ಲಿಗೇ ಬಿತ್ತು.

ಮನೆಯಿಂದ ಏನನ್ನಾದರೂ ಹೊರಡಿಸುವ ಚಪಲ ಈ ಊರಿಗೆ ಹೊಸದೇನಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಕೇಂದ್ರವನ್ನೇ ತೆರೆದರು. ಹಿಂದೆ ನಮ್ಮ ಬಚ್ಚಲಿನ ಬಲ್ಬೇ ಅದಕ್ಕಿಂತ ಹೆಚ್ಚು ವ್ಯಾಟು ತಿನ್ನುತ್ತಿತ್ತು. ಅಲ್ಲಿಂದ ಹೊರಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ರೇಡಿಯೋಗೇ ಅಂಟಿತು. ಆರ್.ಕೆ. ನಾರಾಯಣ್ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಹೊರಡಿಸಿ ಬೇಗನೆ ಬಾಗಿಲು ಹಾಕಿದರು. ಯುದ್ಧದಿಂದಾಗಿ ಇಂಗ್ಲೆಂಡಿನ ಪ್ರಕಾಶಕರ ಸಂಪರ್ಕ ಕಡಿದಾಗ ಅದೇ ಹೆಸರಿನಲ್ಲಿ ಪ್ರಕಾಶನ ಶುರು ಮಾಡಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು. ದುಡ್ಡಿನ ಲೆಕ್ಕದಲ್ಲಿ ಪಳಗಿದ ಮಾರ್ಗಯ್ಯನೆಂಬ ಪಾತ್ರವನ್ನು ಸೃಷ್ಟಿಸಿದವರಿಗೂ ಪತ್ರಿಕೆಯ ಲೆಕ್ಕ ಕುದುರಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ. ಅವರ ಹೆಸರುಗಳ ಪಕ್ಕದಲ್ಲಿ ನನ್ನ ಚಟ್ನಿಪುಡಿ ಇಟ್ಟದ್ದಕ್ಕೆ ಓದುಗರು ನಗಬಹುದು, ನಗಲಿ.

ನಮ್ಮ ಮೊದಲ ಗೊಜ್ಜಿನ ಬಾಟಲಿ ಹುಬ್ಬಳ್ಳಿ ಸೇರುವಾಗ ಅರ್ಧ ಖಾಲಿಯಾಗಿತ್ತು. ಸೋರಿದ ಅರ್ಧ ರಟ್ಟಿನ ಪೆಟ್ಟಿಗೆ, ಬಿಲ್ಲು, ‘ಧನ್ಯವಾದ’ ಎಂದು ನಾನು ದುಂಡಗೆ ಬರೆದಿದ್ದ ಚೀಟಿ ಎಲ್ಲವನ್ನೂ ನೆನೆಸಿತ್ತು. ಅಲ್ಲಿನ ಗಿರಾಕಿ ಕಳಿಸಿದ ಫೋಟೋದಲ್ಲಿ ಎಣ್ಣೆಯೊಳಗೆ ‘ಧನ್ಯ’ ಮಾತ್ರ ಉಳಿದಿತ್ತು. ದುಡ್ಡು ವಾಪಸು ಮಾಡುತ್ತೇವೆ ಅಂದರೆ ಆಯಮ್ಮ, ‘ಬ್ಯಾಡ್ರಿ, ಉಳಿದದ್ದು ಭಾಳ ಚಲೋ ಅದ, ಇನ್ನೊಂದು ಕಳಸ್ರಿ’ ಅಂದರು. ಅಂದಿನಿಂದ ಮುಚ್ಚಳಕ್ಕೆ ಸೆಲೋಟೇಪು ಸುತ್ತಿ, ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಗುಳ್ಳೆಹಾಳೆ. ಬಿಚ್ಚುವವರ ಗತಿ ದೇವರಿಗೇ ಪ್ರೀತಿ. ಗುಳ್ಳೆಹಾಳೆಯಂತೂ ಖರ್ಚು ಜಾಸ್ತಿ, ಏಕೆಂದರೆ ಮೊಮ್ಮಗಳು ಮಧ್ಯಾಹ್ನವೆಲ್ಲ ಕೂತು ಅದನ್ನು ಪಟಪಟ ಒಡೆಯುತ್ತಾಳೆ. ಅವಳು ಮಲಗಿದ ಮೇಲೆ ನಾನೂ.

ಆದರೆ ನಮ್ಮ ಬಡಾವಣೆ ಸರಸ್ವತಿಪುರದ ಗಿರಾಕಿಗಳಿಗೆ ಇದಾವುದೂ ಬೇಕಿಲ್ಲ. ವಾಟ್ಸ್ಯಾಪಿನಲ್ಲಿ ಪಟ್ಟಿ ನೋಡುತ್ತಾರೆ, ಸಂಜೆ ವಾಕಿಂಗ್ ಮುಗಿಸಿ ನೇರ ಗೇಟು ತೆಗೆದು ಬರುತ್ತಾರೆ. ಬಂದವರಿಗೆ ಕೂರಲು ಕುರ್ಚಿ; ರುಚಿ ನೋಡಲು ಚಟ್ನಿಪುಡಿ; ಪುಡಿ ಬರಿದೇ ನೆಕ್ಕಲಾದೀತೆ, ಜೊತೆಗೊಂದು ದೋಸೆ; ದೋಸೆಯಾದ ಮೇಲೆ ಕಾಫಿ. ನೂರು ಗ್ರಾಂ ಕೊಂಡು, ‘ಪಾರ್ಸಲ್ ಖರ್ಚು ಉಳೀತಲ್ಲ, ಸ್ವಲ್ಪ ಬಿಟ್ಟು ತಗೊಳ್ಳಿ’ ಎನ್ನುತ್ತಾರೆ. ಅಣ್ಣನ ಮಗ ಇದನ್ನು ಯಾವ ಖಾತೆಗೆ ಬರೆಯುವುದೋ ತಿಳಿಯದೆ ‘ಮಾರ್ಕೆಟಿಂಗ್ ವೆಚ್ಚ’ ಎಂದು ಬರೆದಿದ್ದಾನೆ.

ಇಷ್ಟು ಜನರಲ್ಲಿ ಆನ್‌ಲೈನನ್ನು ಶ್ರದ್ಧೆಯಿಂದ ಬಳಸುವವರು ಎರಡು ಮನೆ ಆಚೆಯ ನಿವೃತ್ತ ಮೇಡಂ ಒಬ್ಬರೇ. ಪ್ರತಿ ತಿಂಗಳೂ ವೆಬ್‌ಸೈಟಿನಲ್ಲೇ ಆರ್ಡರು, ಪೂರ್ತಿ ಕೊರಿಯರ್ ಖರ್ಚು ಸಮೇತ. ಪಾರ್ಸಲ್ ಒಯ್ಯುವ ಹುಡುಗ ವಿಳಾಸ ನೋಡಿ, ‘ಸಾರ್, ಆ ಹಸಿರು ಗೇಟಲ್ವಾ? ಹೋಗ್ತಾ ಕೊಟ್ಬಿಡ್ಲಾ?’ ಅಂದರೂ, ಅದು ಮೊದಲು ರಿಂಗ್ ರೋಡಿನಾಚೆಯ ಗೋದಾಮಿಗೆ ಹೋಗಿ, ಸ್ಕ್ಯಾನ್ ಆಗಿ, ಮರುದಿನ ನಮ್ಮ ಮನೆ ಮುಂದೆಯೇ ಹಾದು ಅಲ್ಲಿಗೆ ತಲುಪಬೇಕು. ಒಮ್ಮೆ ತಡೆಯಲಾರದೆ, ‘ಯಾಕೆ ಮೇಡಂ, ಇಲ್ಲೇ ಬಂದು ತಗೊಂಡು ಹೋಗಬಹುದಲ್ಲ?’ ಎಂದು ಕೇಳಿದೆ.

‘ಬರಬಹುದು. ಆದರೆ ನಿಮ್ಮ ಹತ್ರ ಮಾತಿಗೆ ನಿಂತ್ರೆ ಕುಕ್ಕರಲ್ಲಿಟ್ಟ ಬೇಳೆ ಸೀದುಹೋಗುತ್ತೆ’ ಅಂದರು.